ಖಾಲಿ ಪುಟ, ಅಡ್ಡ ಪುಟ, ಮತ್ತೆ ಒಂದರಿಂದ ಶುರುವಾಗುವ ಪುಟ: ವರ್ಡ್ ಫೈಲಿನಲ್ಲಿ ಬ್ರೇಕ್ ದೋಷ ಹುಡುಕುವ ಬಗೆ

ಕಾಲೇಜಿನ ಎದುರು ಡಿಟಿಪಿ ಅಂಗಡಿ ಇಟ್ಟವರು ಪ್ರಾಜೆಕ್ಟ್ ಒಪ್ಪಿಸುವ ದಿನಗಳಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಕೇಳುವ ಮಾತುಗಳಿವು. ‘ಅಣ್ಣಾ, ಕೊನೇಲಿ ಒಂದು ಖಾಲಿ ಪೇಜಿದೆ, ಏನ್ ಮಾಡಿದ್ರೂ ಹೋಗ್ತಿಲ್ಲ.’ ‘ಸರ್, ಟೇಬಲ್ ಇರೋ ಪುಟ ಅಡ್ಡ ಮಾಡಿದೆ, ಪೂರ್ತಿ ಪ್ರಾಜೆಕ್ಟೇ ಅಡ್ಡ ಮಲಗಿಬಿಡ್ತು.’ ಬೈಂಡಿಂಗ್‌ಗೆ ಕೊಡಬೇಕಾದದ್ದು ಅದೇ ಸಂಜೆ. ಕೈಯಲ್ಲಿ ಪೆನ್ ಡ್ರೈವ್, ಅಳುವುದೊಂದು ಬಾಕಿ.

ನನ್ನ ಮೇಜಿಗೆ ಬರುವ ಇಂಥ ಫೈಲುಗಳು ಹೆಚ್ಚಾಗಿ ಎರಡು ಕಾರಣಕ್ಕೆ ಕೆಟ್ಟಿರುತ್ತವೆ. ಮುಂದಿನ ಪುಟಕ್ಕೆ ಹೋಗಲು ಎಂಟರ್ ಮೇಲೆ ಎಂಟರ್ ಒತ್ತಿರುತ್ತಾರೆ. ಇಲ್ಲವೇ, ಫೈಲನ್ನು ಬೇರೆ ಬೇರೆ ಭಾಗ ಮಾಡುವ ಸೆಕ್ಷನ್ ಬ್ರೇಕ್ ಎಂಬ ಗುರುತು ಏನನ್ನು ಹೊತ್ತುಕೊಂಡು ಕೂತಿದೆ ಅಂತ ಗೊತ್ತಿಲ್ಲದೆ ಅದನ್ನು ಅಳಿಸಿರುತ್ತಾರೆ. ಎರಡನ್ನೂ ಮನೆಯಲ್ಲೇ ಸರಿಮಾಡಬಹುದು. ಸುಲಭದಿಂದ ಶುರುಮಾಡಿ ಕಷ್ಟದ ಕಡೆಗೆ ಹೋಗೋಣ. ಮೆನುಗಳ ಹೆಸರು ಮೈಕ್ರೋಸಾಫ್ಟ್ ವರ್ಡ್‌ನವು. ಲಿಬ್ರೆ ಆಫೀಸ್ ರೈಟರ್ ಮತ್ತು ಗೂಗಲ್ ಡಾಕ್ಸ್ ಬಳಸುವವರಿಗೆ ಕೊನೆಯ ಕಡೆ ಬೇರೆಯಾಗಿ ಬರೆದಿದ್ದೇನೆ.

ಏನನ್ನೂ ಮುಟ್ಟುವ ಮೊದಲು

ಫೈಲನ್ನು ಪೆನ್ ಡ್ರೈವ್‌ನಿಂದ ಕಂಪ್ಯೂಟರಿಗೆ ಕಾಪಿ ಮಾಡಿ. ಪೆನ್ ಡ್ರೈವ್ ಒಳಗಿದ್ದ ಹಾಗೇ ತೆರೆದು ಕೆಲಸ ಮಾಡಬೇಡಿ. ನಡುವೆ ಯಾರೋ ಎಳೆದರೆ, ಕರೆಂಟ್ ಹೋದರೆ, ಆರು ತಿಂಗಳ ಕೆಲಸ ಹೋಯಿತು ಅಂತಲೇ ಲೆಕ್ಕ. ಆಮೇಲೆ ಎಫ್ 12 ಒತ್ತಿ ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಇನ್ನು ಮುಂದೆ ಕೈಯಾಡಿಸುವುದೆಲ್ಲ ಈ ಎರಡನೇ ಪ್ರತಿಯಲ್ಲಿ.

ಈಗ ಕಾಣದ್ದನ್ನು ಕಾಣಿಸಿಕೊಳ್ಳಿ. ಕಂಟ್ರೋಲ್, ಶಿಫ್ಟ್, 8 ಮೂರನ್ನೂ ಒಟ್ಟಿಗೆ ಒತ್ತಿ. ಹೋಮ್ ಟ್ಯಾಬ್‌ನಲ್ಲಿರುವ, ತಿರುಗಿ ನಿಂತ ಇಂಗ್ಲಿಷ್ ಪಿ ಥರದ ಗುಂಡಿಯೂ ಇದೇ ಕೆಲಸ ಮಾಡುತ್ತದೆ. ಪುಟದ ತುಂಬ ಗುರುತುಗಳು ಎದ್ದು ಬರುತ್ತವೆ. ಹೆದರಬೇಡಿ, ಅವು ಪ್ರಿಂಟ್ ಆಗುವುದಿಲ್ಲ. ಆ ಪಿ ಗುರುತು ಇದ್ದಲ್ಲೆಲ್ಲ ಒಮ್ಮೆ ಎಂಟರ್ ಒತ್ತಿದ್ದೀರಿ ಎಂದರ್ಥ. ಒಂಟಿ ಚುಕ್ಕಿಗೆರೆಯ ನಡುವೆ ಪೇಜ್ ಬ್ರೇಕ್ ಅಂತ ಬರೆದಿದ್ದರೆ ಅದು ಬರೀ ಪುಟ ಮುರಿಯುವ ಗುರುತು. ಜೋಡಿ ಚುಕ್ಕಿಗೆರೆ ಇದ್ದರೆ ಸೆಕ್ಷನ್ ಬ್ರೇಕ್. ಅದು ಯಾವ ಬಗೆಯದು ಅಂತ ಪಕ್ಕದಲ್ಲೇ ಬರೆದಿರುತ್ತದೆ: ನೆಕ್ಸ್ಟ್ ಪೇಜ್, ಕಂಟಿನ್ಯುಯಸ್, ಈವನ್ ಪೇಜ್, ಆಡ್ ಪೇಜ್.

ಇನ್ನೊಂದು ಕೆಲಸ. ಪರದೆಯ ತಳದ ಪಟ್ಟಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ. ತೆರೆಯುವ ಪಟ್ಟಿಯಲ್ಲಿ ಸೆಕ್ಷನ್ ಮತ್ತು ಫಾರ್ಮ್ಯಾಟೆಡ್ ಪೇಜ್ ನಂಬರ್ ಎರಡಕ್ಕೂ ಟಿಕ್ ಹಾಕಿ. ಕರ್ಸರ್ ಎಲ್ಲಿದೆಯೋ ಅದು ಎಷ್ಟನೇ ಸೆಕ್ಷನ್ ಅಂತ ಕೆಳಗೆ ಕಾಣುತ್ತಾ ಇರುತ್ತದೆ. ಡಾಕ್ಟರ ಕೈಯಲ್ಲಿ ಸ್ಟೆತಸ್ಕೋಪ್ ಇದ್ದ ಹಾಗೆ ಇದು. ಇದಿಲ್ಲದೆ ಮುಂದಿನ ಯಾವ ತಪಾಸಣೆಗೂ ಕೈಹಾಕಬೇಡಿ.

ಒಂದು ಸಾಲು ಸೇರಿಸಿದರೆ ಮುಂದಿನ ಅಧ್ಯಾಯವೆಲ್ಲ ಕೆಳಗೆ ಜಾರುತ್ತದೆ

ಅಧ್ಯಾಯ ಮುಗಿದ ಜಾಗಕ್ಕೆ ಹೋಗಿ. ಪಿ ಗುರುತುಗಳು ಒಂದರ ಕೆಳಗೊಂದು ಇರುವೆ ಸಾಲಿನಂತೆ ನಿಂತಿವೆಯಾ? ಇದೇ ದೋಷ. ನೀವು ಹೊಸ ಪುಟ ತೆರೆದಿಲ್ಲ, ಖಾಲಿ ಸಾಲು ತುಂಬಿ ತುಂಬಿ ಕೆಳಗೆ ಇಳಿದಿದ್ದೀರಿ. ಗೈಡ್ ಹೇಳಿದರು ಅಂತ ಮೇಲೆ ಎರಡು ಸಾಲು ಸೇರಿಸಿದಿರಿ ಅನ್ನಿ. ಹೆಡ್ಡಿಂಗ್ ಎರಡು ಸಾಲು ಕೆಳಗೆ ಹೋಗುತ್ತದೆ. ಅದನ್ನು ಮೇಲೆ ತರಲು ಎರಡು ಎಂಟರ್ ಅಳಿಸುತ್ತೀರಿ. ನಾಳೆ ಇನ್ನೊಂದು ತಿದ್ದುಪಡಿ. ಇದು ಮುಗಿಯುವ ಕಥೆಯಲ್ಲ.

ಆ ಖಾಲಿ ಗುರುತುಗಳನ್ನೆಲ್ಲ ಸೆಲೆಕ್ಟ್ ಮಾಡಿ ಅಳಿಸಿ. ಹೆಡ್ಡಿಂಗಿನ ಮೊದಲ ಅಕ್ಷರದ ಹಿಂದೆ ಕರ್ಸರ್ ಇಟ್ಟು ಕಂಟ್ರೋಲ್ ಎಂಟರ್ ಒತ್ತಿ. ಆಯ್ತು. ಮೇಲೆ ಹತ್ತು ಸಾಲು ಸೇರಿಸಿ, ಇಪ್ಪತ್ತು ಸಾಲು ತೆಗೆಯಿರಿ, ಅಧ್ಯಾಯ ಹೊಸ ಪುಟದಲ್ಲೇ ಶುರುವಾಗುತ್ತದೆ.

ಏಳೆಂಟು ಅಧ್ಯಾಯ ಇದ್ದರೆ ಇನ್ನೂ ಸೊಗಸಾದ ದಾರಿಯಿದೆ. ಅಧ್ಯಾಯದ ಹೆಡ್ಡಿಂಗಿಗೆ ಬಳಸಿದ ಸ್ಟೈಲ್ ತೆರೆದು, ಪ್ಯಾರಾಗ್ರಾಫ್ ಸೆಟ್ಟಿಂಗಿನ ಲೈನ್ ಆಂಡ್ ಪೇಜ್ ಬ್ರೇಕ್ಸ್ ಭಾಗದಲ್ಲಿ ಪೇಜ್ ಬ್ರೇಕ್ ಬಿಫೋರ್ ಎಂಬುದಕ್ಕೆ ಟಿಕ್ ಹಾಕಿ. ಆ ಸ್ಟೈಲ್ ಹಚ್ಚಿದ ಹೆಡ್ಡಿಂಗೆಲ್ಲ ತಾನಾಗಿಯೇ ಹೊಸ ಪುಟಕ್ಕೆ ಹೋಗುತ್ತದೆ. ಬ್ರೇಕ್ ಹಾಕುವ ಗೋಜೇ ಇಲ್ಲ.

ಹೆಡ್ಡಿಂಗ್ ತಾನಾಗಿ ಮುಂದಿನ ಪುಟಕ್ಕೆ ಹಾರುತ್ತದೆ, ಬ್ರೇಕ್ ಮಾತ್ರ ಎಲ್ಲೂ ಕಾಣುವುದಿಲ್ಲ

ಇದು ಮೇಲಿನದರ ತಮ್ಮ. ಗುರುತುಗಳನ್ನು ಕಾಣಿಸಿಕೊಂಡಿದ್ದೀರಿ, ಚುಕ್ಕಿಗೆರೆ ಇಲ್ಲ, ಎಂಟರ್‌ಗಳ ಸಾಲೂ ಇಲ್ಲ. ಪುಟದ ಅರ್ಧಭಾಗ ಮಾತ್ರ ಖಾಲಿ ಬಿದ್ದಿದೆ. ಹೆಡ್ಡಿಂಗಿನ ಎಡಗಡೆ ಮಾರ್ಜಿನ್‌ನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚೌಕವೊಂದು ಕಾಣುತ್ತದಾ ನೋಡಿ. ಕಂಡರೆ, ಆ ಪ್ಯಾರಾಗೆ ಏನೋ ಕಟ್ಟುಪಾಡು ಹಾಕಿದೆ ಅಂತ ತಿಳಿಯಿರಿ. ಪ್ಯಾರಾಗ್ರಾಫ್ ಸೆಟ್ಟಿಂಗಿನ ಅದೇ ಲೈನ್ ಆಂಡ್ ಪೇಜ್ ಬ್ರೇಕ್ಸ್ ಭಾಗ ತೆರೆಯಿರಿ. ಪೇಜ್ ಬ್ರೇಕ್ ಬಿಫೋರ್‌ಗೆ ಟಿಕ್ ಇದ್ದರೆ ಹಾರಿಸುತ್ತಿರುವುದು ಅದೇ. ಕೀಪ್ ವಿತ್ ನೆಕ್ಸ್ಟ್‌ಗೆ ಟಿಕ್ ಇದ್ದರೆ ಆ ಪ್ಯಾರಾ ಮುಂದಿನ ಪ್ಯಾರಾದ ಕೈ ಬಿಡುವುದಿಲ್ಲ. ಮುಂದಿನದು ಹೋದಲ್ಲಿಗೆ ಇದೂ ಹೋಗುತ್ತದೆ.

ಹೆಡ್ಡಿಂಗಿಗೆ ಕೀಪ್ ವಿತ್ ನೆಕ್ಸ್ಟ್ ಇರಲಿ, ಅದು ಒಳ್ಳೆಯದೇ. ಹೆಡ್ಡಿಂಗ್ ಪುಟದ ತಳದಲ್ಲಿ, ಬರಹ ಮುಂದಿನ ಪುಟದಲ್ಲಿ ಅಂತಾದರೆ ನೋಡಲು ಚೆನ್ನಾಗಿರುವುದಿಲ್ಲ. ಕಷ್ಟ ಬರುವುದು ಬರಹದ ಪ್ಯಾರಾಗಳಿಗೆಲ್ಲ ಅದು ಅಂಟಿಕೊಂಡಾಗ. ಒಂದರ ಕೈ ಇನ್ನೊಂದು ಹಿಡಿದು ಇಡೀ ಸಾಲೇ ಮುಂದಿನ ಪುಟಕ್ಕೆ ಹೊರಡುತ್ತದೆ. ಟೇಬಲ್‌ನ ಎಲ್ಲ ಸಾಲುಗಳಿಗೂ ಹೀಗಾಗಿದ್ದರೆ ಟೇಬಲ್ ಒಟ್ಟಾಗಿ ಹಾರುತ್ತದೆ. ಬೇಡದ ಕಡೆ ಟಿಕ್ ತೆಗೆಯಿರಿ. ವಿಡೋ ಆರ್ಫನ್ ಕಂಟ್ರೋಲ್ ಅಂತ ಇನ್ನೊಂದಿದೆ. ಪ್ಯಾರಾದ ಒಂಟಿ ಸಾಲು ಪುಟದ ತಲೆಯಲ್ಲೋ ಬುಡದಲ್ಲೋ ಉಳಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದನ್ನು ಮುಟ್ಟಬೇಡಿ.

ಕೊನೆಯಲ್ಲಿ ಖಾಲಿ ಪುಟ, ಅಳಿಸಿದರೂ ಹೋಗುವುದಿಲ್ಲ

ಕಂಟ್ರೋಲ್ ಎಂಡ್ ಒತ್ತಿ. ಕರ್ಸರ್ ಖಾಲಿ ಪುಟಕ್ಕೆ ಹೋಗುತ್ತದೆ. ಅಲ್ಲಿ ಏನು ಗುರುತಿದೆ ಅನ್ನುವುದರ ಮೇಲೆ ಮುಂದಿನ ಹೆಜ್ಜೆ.

ಪಿ ಗುರುತುಗಳಿದ್ದರೆ ಬ್ಯಾಕ್‌ಸ್ಪೇಸ್ ಸಾಕು. ಪೇಜ್ ಬ್ರೇಕ್ ಗೆರೆ ಇದ್ದರೆ ಅದು ಶುರುವಾಗುವ ಎಡತುದಿಯಲ್ಲಿ ಕರ್ಸರ್ ಇಟ್ಟು ಡಿಲೀಟ್ ಒತ್ತಿ.

ಫೈಲು ಟೇಬಲ್‌ನಿಂದ ಮುಗಿಯುತ್ತಿದ್ದರೆ ಕಥೆ ಬೇರೆ. ಟೇಬಲ್‌ನ ಕೆಳಗೆ ಒಂದು ಪ್ಯಾರಾ ಇರಲೇಬೇಕು ಅನ್ನುವುದು ವರ್ಡ್‌ನ ಹಠ. ಟೇಬಲ್ ಪುಟದ ತಳದವರೆಗೆ ತುಂಬಿದ್ದರೆ ಆ ಒಂದು ಖಾಲಿ ಪ್ಯಾರಾಗೆ ಜಾಗವಿಲ್ಲದೆ ಹೊಸ ಪುಟ ಹುಟ್ಟುತ್ತದೆ. ಎಷ್ಟು ಡಿಲೀಟ್ ಒತ್ತಿದರೂ ಅದು ಹೋಗುವುದಿಲ್ಲ. ಅಳಿಸುವ ಬದಲು ಅದನ್ನು ಚಿಕ್ಕದು ಮಾಡಿ. ಆ ಗುರುತನ್ನು ಸೆಲೆಕ್ಟ್ ಮಾಡಿ ಫಾಂಟ್ ಗಾತ್ರದ ಚೌಕದಲ್ಲಿ 1 ಅಂತ ಟೈಪ್ ಮಾಡಿ. ಸ್ಪೇಸಿಂಗ್ ಬಿಫೋರ್, ಆಫ್ಟರ್ ಎರಡನ್ನೂ 0 ಮಾಡಿ, ಸಾಲಿನ ಅಂತರ ಸಿಂಗಲ್ ಇಡಿ. ಪುಟ ಮಾಯ. ಬಯೋಡೇಟಾ, ಬಿಲ್ಲು, ಅರ್ಜಿ ಫಾರಂ, ಟೇಬಲ್‌ನಲ್ಲೇ ಮುಗಿಯುವ ಇಂಥ ಕಾಗದಗಳಲ್ಲಿ ಇದು ಜಾಸ್ತಿ.

ಕೊನೆಯಲ್ಲಿ ಸೆಕ್ಷನ್ ಬ್ರೇಕ್ ನೆಕ್ಸ್ಟ್ ಪೇಜ್ ಅಂತ ಕಂಡರೆ ಮಾತ್ರ ಡಿಲೀಟ್ ಮೇಲಿನ ಬೆರಳು ಎತ್ತಿ. ಕೆಳಗಿನ ಭಾಗ ಓದಿಕೊಂಡು ಬನ್ನಿ.

ಬ್ರೇಕ್ ಅಳಿಸಿದೆ, ಅದರ ಹಿಂದಿನ ಪುಟಗಳೆಲ್ಲ ಕೆಟ್ಟವು

ಪತ್ರದ ಕೊನೆಯಲ್ಲಿ ಸಹಿ ಹಾಕುತ್ತೇವೆ. ಆ ಸಹಿ ಯಾವುದಕ್ಕೆ? ಅದರ ಮೇಲಿರುವ ಬರಹಕ್ಕೆ. ಸೆಕ್ಷನ್ ಬ್ರೇಕೂ ಹಾಗೇ. ಅದು ತನ್ನ ಮೇಲಿನ ಭಾಗದ ಮಾರ್ಜಿನ್, ಕಾಗದದ ಗಾತ್ರ, ಉದ್ದವೋ ಅಡ್ಡವೋ, ಕಾಲಂ ಎಷ್ಟು, ಪ್ರತಿ ಪುಟದ ತಲೆಯಲ್ಲೂ ಬುಡದಲ್ಲೂ ಬರುವ ಹೆಡರ್ ಫೂಟರ್ ಯಾವುದು, ಪುಟಸಂಖ್ಯೆ ಯಾವ ಬಗೆ, ಎಲ್ಲವನ್ನೂ ತನ್ನೊಳಗೆ ಇಟ್ಟುಕೊಂಡಿರುತ್ತದೆ. ಕೊನೆಯ ಸೆಕ್ಷನ್‌ನ ಲೆಕ್ಕ ಫೈಲಿನ ಕಟ್ಟಕಡೆಯ ಪಿ ಗುರುತಿನಲ್ಲಿರುತ್ತದೆ.

ಬ್ರೇಕ್ ಅಳಿಸಿದರೆ ಮೇಲಿನ ಭಾಗದ ಸಹಿ ಹೋಯಿತು. ಅದು ಕೆಳಗಿನ ಭಾಗದ ಸಹಿಗೆ ಸೇರಿಕೊಳ್ಳುತ್ತದೆ. ಗದ್ದೆಯ ಬದು ಒಡೆದರೆ ಮೇಲಿನ ನೀರು ಕೆಳಗೆ ಹರಿಯುತ್ತದೆ ಅಲ್ವಾ? ಇಲ್ಲಿ ಉಲ್ಟಾ. ಕೆಳಗದ್ದೆಯ ನೀರು ಮೇಲಕ್ಕೆ ಹತ್ತುತ್ತದೆ. ಎಲ್ಲರೂ ಎಡವುವುದು ಇಲ್ಲೇ.

ಹೋದ ವರ್ಷ ಎಂ.ಎ. ಓದುವ ಹುಡುಗಿಯೊಬ್ಬಳು ತಂದ ಫೈಲ್ ಹೀಗಿತ್ತು. ಮೊದಲ ಸೆಕ್ಷನ್‌ನಲ್ಲಿ ಪ್ರಮಾಣಪತ್ರ, ಕೃತಜ್ಞತೆ, ಪರಿವಿಡಿ. ಎರಡನೆಯದರಲ್ಲಿ ಅಧ್ಯಾಯಗಳು. ಮೂರನೆಯದು ನಾಲ್ಕನೇ ಅಧ್ಯಾಯದ ನಡುವೆ ಬರುವ ಒಂದೇ ಪುಟ, ಹನ್ನೊಂದು ಕಾಲಂನ ಟೇಬಲ್, ಅಡ್ಡ ಪುಟ. ನಾಲ್ಕನೆಯದು ಉಳಿದದ್ದು, ಮತ್ತೆ ಉದ್ದ ಪುಟ. ಟೇಬಲ್‌ನ ಹಿಂದಿನ ಪುಟದ ಕೊನೆಯಲ್ಲಿ ‘ಏನೋ ಗೆರೆ ಕಾಣ್ತಿತ್ತು ಅಣ್ಣಾ, ಚೆನ್ನಾಗಿರ್ಲಿಲ್ಲ’ ಅಂತ ಡಿಲೀಟ್ ಒತ್ತಿದ್ದಳು. ಎರಡನೇ ಸೆಕ್ಷನ್ ಮೂರನೆಯದರೊಳಗೆ ಸೇರಿತು. ನಾಲ್ಕು ಅಧ್ಯಾಯ ಅಡ್ಡ ಮಲಗಿದವು. ಆಮೇಲೆ ಸೇವ್ ಮಾಡಿ ಮುಚ್ಚಿದ್ದಳು, ಹಾಗಾಗಿ ಕಂಟ್ರೋಲ್ ಝಡ್ ಕೂಡ ಇಲ್ಲ.

ಸರಿಮಾಡಿದ್ದು ಹೀಗೆ. ಟೇಬಲ್‌ನ ಶೀರ್ಷಿಕೆಯ ಹಿಂದೆ ಕರ್ಸರ್ ಇಟ್ಟು ಲೇಔಟ್, ಬ್ರೇಕ್ಸ್, ನೆಕ್ಸ್ಟ್ ಪೇಜ್. ಬದು ಮತ್ತೆ ಬಂತು, ಆದರೆ ಈಗ ಎರಡೂ ಕಡೆ ಅಡ್ಡವೇ. ಕರ್ಸರನ್ನು ಹೊಸ ಬ್ರೇಕ್‌ನ ಮೇಲಿನ ಭಾಗಕ್ಕೆ ತಂದು, ಕೆಳಗಿನ ಪಟ್ಟಿಯಲ್ಲಿ ಸೆಕ್ಷನ್ 2 ಅಂತ ಇದೆ ಎಂದು ನೋಡಿಕೊಂಡು, ಓರಿಯಂಟೇಷನ್ ಪೋರ್ಟ್ರೇಟ್ ಮಾಡಿದೆ. ಅಧ್ಯಾಯಗಳು ಎದ್ದು ನಿಂತವು. ಬೈಂಡಿಂಗ್ ಕಡೆಯ ಎಡ ಮಾರ್ಜಿನ್ ಮತ್ತೆ ಒಂದೂವರೆ ಇಂಚು ಮಾಡಿದೆ. ಹೆಡರ್ ಮತ್ತು ಪುಟಸಂಖ್ಯೆ ಒಂದೊಂದೇ ನೋಡಿದೆ. ಹತ್ತು ನಿಮಿಷದ ಕೆಲಸ. ಅವಳು ಹಿಂದಿನ ರಾತ್ರಿ ಒಂದೊಂದೇ ಪುಟ ಸೆಲೆಕ್ಟ್ ಮಾಡಿ ತಿರುಗಿಸಲು ಮೂರು ಗಂಟೆ ಕಳೆದಿದ್ದಳು. ಹಾಗೆ ತಿರುಗಿಸಿದ ಕಡೆಯೆಲ್ಲ ವರ್ಡ್ ಹಿಂದೆ ಮುಂದೆ ಹೊಸ ಸೆಕ್ಷನ್ ಬ್ರೇಕ್ ಹಾಕಿತ್ತು. ಮೊದಲು ಅವುಗಳನ್ನು ಗುಡಿಸಬೇಕಾಯಿತು, ಅದಕ್ಕೆ ಇನ್ನೊಂದು ಅರ್ಧ ಗಂಟೆ.

ಬ್ರೇಕ್ ಅಳಿಸಲೇಬೇಕು, ಆದರೆ ಮೇಲಿನ ಭಾಗದ ರೂಪ ಉಳಿಯಬೇಕು ಅನ್ನುವುದಾದರೆ ಮೊದಲು ಎರಡೂ ಕಡೆಯನ್ನು ಒಂದೇ ಥರ ಮಾಡಿಕೊಳ್ಳಿ. ಮೇಲಿನ ಭಾಗದಲ್ಲಿ ಕರ್ಸರ್ ಇಟ್ಟು ಪೇಜ್ ಸೆಟಪ್ ತೆರೆದು, ಏನೂ ಬದಲಿಸದೆ ಓಕೆ ಒತ್ತಿ. ಕೆಳಗಿನ ಭಾಗಕ್ಕೆ ಹೋಗಿ ಎಫ್ 4 ಒತ್ತಿ. ಹಿಂದಿನ ಕೆಲಸವನ್ನೇ ಮತ್ತೆ ಮಾಡು ಅನ್ನುವ ಕೀ ಅದು, ಅದೇ ಮಾರ್ಜಿನ್, ಅದೇ ಗಾತ್ರ ಅಲ್ಲಿಗೂ ಬರುತ್ತದೆ. ಬರದಿದ್ದರೆ ಅಳತೆ ಬರೆದಿಟ್ಟುಕೊಂಡು ಕೈಯಿಂದಲೇ ಹಾಕಿ. ಕೆಳಗಿನ ಭಾಗದ ಹೆಡರ್, ಫೂಟರ್‌ಗಳಲ್ಲಿ ಲಿಂಕ್ ಟು ಪ್ರೀವಿಯಸ್ ಆನ್ ಮಾಡಿ. ಆಮೇಲೆ ಬ್ರೇಕ್ ಅಳಿಸಿ.

ಇದೇ ಜಾತಿಯ ಇನ್ನೊಂದು ಲಕ್ಷಣ: ಬರಹ ಪುಟದ ಮೇಲಿಂದ ಶುರುವಾಗದೆ ನಡುಮಧ್ಯದಲ್ಲಿ ತೇಲುತ್ತದೆ. ಮುಖಪುಟದ ಹೆಸರನ್ನು ನಡುವಿಗೆ ತರಲು ಪೇಜ್ ಸೆಟಪ್‌ನಲ್ಲಿ ವರ್ಟಿಕಲ್ ಅಲೈನ್‌ಮೆಂಟ್ ಸೆಂಟರ್ ಮಾಡಿರುತ್ತಾರೆ. ಅದೂ ಸೆಕ್ಷನ್‌ನ ಗುಣವೇ. ಬೇರೆ ಸೆಕ್ಷನ್‌ಗೆ ಅಂಟಿದ್ದರೆ ಅಲ್ಲಿ ಟಾಪ್ ಮಾಡಿ, ಮುಗಿಯಿತು.

ಒಂದು ಪುಟ ಅಡ್ಡ ಮಾಡಲು ಹೋದರೆ ಎಲ್ಲವೂ ಅಡ್ಡ

ಅಡ್ಡ ಪುಟಕ್ಕೆ ಎರಡು ಬ್ರೇಕ್ ಬೇಕು, ಮುಂದೊಂದು ಹಿಂದೊಂದು. ಎರಡೂ ಸೆಕ್ಷನ್ ಬ್ರೇಕ್. ಕಂಟ್ರೋಲ್ ಎಂಟರ್ ಹೊಡೆದು ಮಾಡಿದ ಪುಟಕ್ಕೆ ಈ ಗುಣ ಇಲ್ಲ. ಅದು ಪುಟ ಮುರಿಯುತ್ತದೆ, ರೂಪ ಬದಲಿಸುವುದಿಲ್ಲ. ಟೇಬಲ್‌ನ ಮುಂಚೆ ಒಂದು ನೆಕ್ಸ್ಟ್ ಪೇಜ್, ನಂತರ ಒಂದು ನೆಕ್ಸ್ಟ್ ಪೇಜ್ ಹಾಕಿ, ನಡುವೆ ಕರ್ಸರ್ ಇಟ್ಟು ಲ್ಯಾಂಡ್‌ಸ್ಕೇಪ್ ಮಾಡಿ. ಮುಂದಿನ ಪುಟಗಳೂ ಅಡ್ಡ ಆದವು ಅಂದರೆ ಎರಡನೇ ಬ್ರೇಕ್ ಮರೆತಿದ್ದೀರಿ.

ಕಂಟಿನ್ಯುಯಸ್ ಹಾಕಿದೆ, ಆದರೂ ಹೊಸ ಪುಟಕ್ಕೆ ಹೋಯಿತು ಅಂತ ಕೆಲವರು ಕೇಳುತ್ತಾರೆ. ಒಂದೇ ಹಾಳೆ ಅರ್ಧ ಉದ್ದ, ಅರ್ಧ ಅಡ್ಡ ಇರಲು ಸಾಧ್ಯವೇ? ಎರಡು ಭಾಗಗಳ ಕಾಗದದ ಗಾತ್ರ ಅಥವಾ ದಿಕ್ಕು ಬೇರೆಯಾಗಿದ್ದರೆ ಕಂಟಿನ್ಯುಯಸ್ ಕೂಡ ಹೊಸ ಪುಟವೇ. ಅದು ಒಂದೇ ಪುಟದಲ್ಲಿ ಮೇಲೆ ಒಂದು ಕಾಲಂ, ಕೆಳಗೆ ಎರಡು ಕಾಲಂ ಮಾಡುವ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬ್ರೇಕ್‌ನ ಬಗೆ ತಪ್ಪಾಗಿದ್ದರೆ ಅಳಿಸಿ ಹಾಕುವ ಅಗತ್ಯವಿಲ್ಲ. ಬ್ರೇಕ್‌ನ ಕೆಳಗಿನ ಭಾಗದಲ್ಲಿ ಕರ್ಸರ್ ಇಟ್ಟು, ಪೇಜ್ ಸೆಟಪ್‌ನ ಲೇಔಟ್ ಭಾಗದಲ್ಲಿ ಸೆಕ್ಷನ್ ಸ್ಟಾರ್ಟ್ ಎಂಬುದನ್ನು ಬದಲಿಸಿ.

ಪುಟಸಂಖ್ಯೆ ಮತ್ತೆ 1, ಅಥವಾ ಎಲ್ಲ ಕಡೆ ಒಂದೇ ಹೆಡರ್

ಸಂಖ್ಯೆ ನಡುವೆ ಮತ್ತೆ 1ರಿಂದ ಶುರುವಾಗಿದ್ದರೆ ಸುಲಭ. ಆ ಸೆಕ್ಷನ್‌ನ ಪುಟಸಂಖ್ಯೆಯ ಮೇಲೆ ಬಲಗುಂಡಿ ಒತ್ತಿ ಫಾರ್ಮ್ಯಾಟ್ ಪೇಜ್ ನಂಬರ್ಸ್ ತೆರೆಯಿರಿ. ಸ್ಟಾರ್ಟ್ ಅಟ್ ಅಂತ ಇದ್ದರೆ ಕಂಟಿನ್ಯೂ ಫ್ರಮ್ ಪ್ರೀವಿಯಸ್ ಸೆಕ್ಷನ್ ಮಾಡಿ. ಪರಿವಿಡಿಗೆ ರೋಮನ್ ಅಂಕಿ, ಮೊದಲ ಅಧ್ಯಾಯದಿಂದ 1, 2, 3 ಬೇಕು ಅಂದರೂ ಬದಲಿಸುವ ಜಾಗ ಇದೇ. ಅದಕ್ಕೆ ಪರಿವಿಡಿಗೂ ಅಧ್ಯಾಯಕ್ಕೂ ನಡುವೆ ಇರಬೇಕಾದದ್ದು ಸೆಕ್ಷನ್ ಬ್ರೇಕ್. ಪೇಜ್ ಬ್ರೇಕ್ ಇದ್ದರೆ ಎಷ್ಟು ತಿಪ್ಪರಲಾಗ ಹಾಕಿದರೂ ಆಗುವುದಿಲ್ಲ.

ಎರಡನೇ ಅಧ್ಯಾಯದ ಹೆಡರ್ ತಿದ್ದಿದರೆ ಮೊದಲನೆಯದೂ ಬದಲಾಗುತ್ತಿದೆಯೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಇಲ್ಲಿ ಎತ್ತು ಎಮ್ಮೆಗಳ ನಡುವಿನ ಹಗ್ಗದ ಹೆಸರು ಲಿಂಕ್ ಟು ಪ್ರೀವಿಯಸ್. ಹೊಸ ಸೆಕ್ಷನ್ ಹುಟ್ಟುವಾಗಲೇ ಈ ಹಗ್ಗ ಕಟ್ಟಿಕೊಂಡು ಹುಟ್ಟುತ್ತದೆ. ಕೆಳಗಿನ ಸೆಕ್ಷನ್‌ನ ಹೆಡರ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಮೊದಲು ಲಿಂಕ್ ಆಫ್ ಮಾಡಿ, ಆಮೇಲೆ ತಿದ್ದಿ. ಈ ಕ್ರಮ ತಪ್ಪಿದರೆ ಹಿಂದಿನದು ಕೆಡುತ್ತದೆ. ಫೂಟರ್‌ಗೆ ಬೇರೆಯಾಗಿ ಆಫ್ ಮಾಡಬೇಕು. ಡಿಫರೆಂಟ್ ಫಸ್ಟ್ ಪೇಜ್, ಅಥವಾ ಸಮ ಬೆಸ ಪುಟಕ್ಕೆ ಬೇರೆ ಹೆಡರ್ ಅಂತ ಟಿಕ್ ಹಾಕಿದ್ದರೆ ಅವುಗಳ ಲಿಂಕೂ ಒಂದೊಂದಾಗಿ ಬಿಚ್ಚಬೇಕು. ‘ಎಲ್ಲಾ ಆಫ್ ಮಾಡಿದ್ದೀನಿ, ಆದ್ರೂ’ ಅನ್ನುವವರ ಫೈಲಿನಲ್ಲಿ ಹೆಚ್ಚಾಗಿ ಬಿಟ್ಟುಹೋಗಿರುವುದು ಈ ಮೊದಲ ಪುಟದ ಲಿಂಕ್.

ಪ್ರತಿ ಸೆಕ್ಷನ್‌ನ ಮೊದಲ ಪುಟದಲ್ಲಿ ಮಾತ್ರ ಸಂಖ್ಯೆ ಇಲ್ಲ ಅಂದರೂ ಅದೇ ಡಿಫರೆಂಟ್ ಫಸ್ಟ್ ಪೇಜ್ ಟಿಕ್ ನೋಡಿ. ಪರಿವಿಡಿಯಲ್ಲಿ ಹಳೆಯ ಪುಟಸಂಖ್ಯೆ ಇದ್ದರೆ ಅದರೊಳಗೆ ಕ್ಲಿಕ್ ಮಾಡಿ ಎಫ್ 9 ಒತ್ತಿ. ಕೈಯಿಂದ ಟೈಪ್ ಮಾಡಿದ ಪರಿವಿಡಿಗೆ ಈ ಸೌಲಭ್ಯ ಇಲ್ಲ, ಕೂತು ತಿದ್ದಬೇಕು.

ಪರದೆಯಲ್ಲಿಲ್ಲದ ಖಾಲಿ ಹಾಳೆ ಪ್ರಿಂಟ್‌ನಲ್ಲಿ ಬರುತ್ತದೆ

ಸಂಖ್ಯೆ 13 ಆದಮೇಲೆ ನೇರ 15. ಪರದೆಯಲ್ಲಿ ಪುಟಗಳು ಒಂದರ ಹಿಂದೆ ಒಂದು ಸರಿಯಾಗಿಯೇ ಇವೆ. ಪಿಡಿಎಫ್ ಮಾಡಿದರೆ ನಡುವೆ ಬಿಳಿ ಹಾಳೆ. ಇದು ಆಡ್ ಪೇಜ್ ಬ್ರೇಕ್‌ನ ಕೆಲಸ. ಆ ಭಾಗ ಬೆಸಸಂಖ್ಯೆಯ ಪುಟದಲ್ಲೇ, ಅಂದರೆ ಪುಸ್ತಕ ತೆರೆದಾಗ ಬಲಗಡೆಯೇ ಶುರುವಾಗಬೇಕು ಅಂತ ಹಟ ಹಿಡಿಯುತ್ತದೆ. ಹಿಂದಿನ ಭಾಗವೂ ಬೆಸಪುಟದಲ್ಲಿ ಮುಗಿದರೆ ನಡುವೆ ಒಂದು ಪುಟ ಬಿಡಲೇಬೇಕು.

ಎರಡೂ ಬದಿ ಪ್ರಿಂಟ್ ಆಗುವ ಪುಸ್ತಕಕ್ಕೆ ಇದು ಬೇಕಾದದ್ದೇ. ಹಾಗೇ ಬಿಡಿ. ಒಂದೇ ಬದಿ ಪ್ರಿಂಟ್ ಮಾಡುವ ಪ್ರಾಜೆಕ್ಟ್ ಆದರೆ ಸೆಕ್ಷನ್ ಸ್ಟಾರ್ಟ್‌ನಲ್ಲಿ ನ್ಯೂ ಪೇಜ್ ಆರಿಸಿ.

ಪ್ರಿಂಟ್ ಮಾತು ಬಂದಿತು, ಇನ್ನೊಂದು ಹೇಳಿಬಿಡುತ್ತೇನೆ. ಸಂಖ್ಯೆ ಮತ್ತೆ 1ರಿಂದ ಶುರುವಾಗುವ ಫೈಲಿನಲ್ಲಿ ಬರೀ 5 ಅಂತ ಕೊಟ್ಟರೆ ಯಾವ 5 ಅಂತ ವರ್ಡ್‌ಗೆ ಹೇಗೆ ಗೊತ್ತಾಗಬೇಕು? ಪ್ರಿಂಟ್ ಮಾಡುವ ಪುಟಗಳ ಚೌಕದಲ್ಲಿ ಇಂಗ್ಲಿಷಿನ ಪಿ ಅಕ್ಷರ, ಪುಟದ ಅಂಕಿ, ಎಸ್ ಅಕ್ಷರ, ಸೆಕ್ಷನ್‌ನ ಅಂಕಿ, ಇವಿಷ್ಟನ್ನೂ ಜಾಗ ಬಿಡದೆ ಬರೆಯಿರಿ. ಪಿ, 5, ಎಸ್, 2 ಅಂದರೆ ಎರಡನೇ ಸೆಕ್ಷನ್‌ನ ಐದನೇ ಪುಟ.

ಬ್ರೇಕ್ ಅಳಿಸಲು ಆಗುತ್ತಲೇ ಇಲ್ಲ

ಗೆರೆ ಕಾಣುತ್ತದೆ, ಹಿಡಿಯಲು ಸಿಗುವುದಿಲ್ಲ. ಸಾಲಿನ ತುದಿಯವರೆಗೆ ಬರಹ ತುಂಬಿದ್ದರೆ ಬ್ರೇಕ್ ಗುರುತು ಬಲತುದಿಯಲ್ಲಿ ಮುದುಡಿ ಕೂತಿರುತ್ತದೆ. ವ್ಯೂ ಟ್ಯಾಬ್‌ನಲ್ಲಿ ಡ್ರಾಫ್ಟ್ ಆರಿಸಿ. ಅಲ್ಲಿ ಪ್ರತಿ ಬ್ರೇಕ್ ಪೂರ್ತಿ ಅಗಲಕ್ಕೆ ಮಲಗಿರುತ್ತದೆ. ಅದರ ಮೇಲೆ ಕರ್ಸರ್ ಇಟ್ಟು ಡಿಲೀಟ್.

ಆಗಲೂ ಹೋಗದಿದ್ದರೆ ರಿವ್ಯೂ ಟ್ಯಾಬ್ ನೋಡಿ. ಟ್ರ್ಯಾಕ್ ಚೇಂಜಸ್ ಆನ್ ಇದ್ದರೆ ನೀವು ಅಳಿಸಿದ್ದು ‘ಅಳಿಸಬೇಕೆಂದಿದ್ದಾರೆ’ ಅಂತ ದಾಖಲಾಗುತ್ತದೆಯೇ ಹೊರತು ಹೋಗುವುದಿಲ್ಲ. ನಿಮ್ಮದೇ ಫೈಲಾದರೆ ಆಫ್ ಮಾಡಿ ಅಳಿಸಿ. ಗೈಡ್ ತಿದ್ದಿ ಕಳಿಸಿದ ಫೈಲಾದರೆ ಅವರನ್ನು ಕೇಳದೆ ಅಕ್ಸೆಪ್ಟ್ ಆಲ್ ಒತ್ತಬೇಡಿ. ಅವರ ಟಿಪ್ಪಣಿಯ ಜೊತೆ ನಿಮ್ಮ ಸಂಬಂಧವೂ ಕೆಟ್ಟೀತು.

ರಿಸ್ಟ್ರಿಕ್ಟ್ ಎಡಿಟಿಂಗ್ ಹಾಕಿದ ಫಾರಂಗಳಲ್ಲೂ ಬ್ರೇಕ್ ಕದಲುವುದಿಲ್ಲ. ಒಂದು ಭಾಗ ತುಂಬಲು ಬಿಟ್ಟು ಇನ್ನೊಂದನ್ನು ಬೀಗ ಹಾಕಲು ಸೆಕ್ಷನ್‌ಗಳನ್ನೇ ಬಳಸಿರುತ್ತಾರೆ. ಬೀಗ ಒಡೆಯುವ ಉಪಾಯ ಹುಡುಕಬೇಡಿ, ಕಳಿಸಿದವರನ್ನು ಕೇಳಿ.

ಹಳೆಯ ಫೈಲಿನಲ್ಲಿ ನೂರಾರು ಪೇಜ್ ಬ್ರೇಕ್ ಇದ್ದರೆ ಕಂಟ್ರೋಲ್ ಎಚ್ ಒತ್ತಿ, ಮೋರ್, ಸ್ಪೆಷಲ್ ಪಟ್ಟಿಯಲ್ಲಿ ಮ್ಯಾನುಯಲ್ ಪೇಜ್ ಬ್ರೇಕ್ ಆರಿಸಿ, ರಿಪ್ಲೇಸ್ ಚೌಕ ಖಾಲಿ ಬಿಟ್ಟು ಒಂದೊಂದಾಗಿ ತೆಗೆಯಿರಿ. ಅದೇ ಪಟ್ಟಿಯಲ್ಲಿ ಸೆಕ್ಷನ್ ಬ್ರೇಕ್ ಕೂಡ ಇದೆ. ಹುಡುಕಲು ಬಳಸಿ. ರಿಪ್ಲೇಸ್ ಆಲ್ ಬೇಡವೇ ಬೇಡ, ಕಾರಣ ಮೇಲೆ ಹೇಳಿದ್ದೇನೆ.

ಮನೆಯಲ್ಲಿ ಸರಿ ಇತ್ತು, ಅಂಗಡಿಯಲ್ಲಿ ತೆರೆದರೆ ಪುಟವೆಲ್ಲ ಏರುಪೇರು

ಮೊದಲು ಕಾಗದದ ಗಾತ್ರ ನೋಡಿ. ಎ4 ಹಾಳೆ 210 ಮಿ.ಮೀ. ಅಗಲ, 297 ಉದ್ದ. ಅಮೆರಿಕದ ಲೆಟರ್ ಹಾಳೆ 216ಕ್ಕೆ 279. ಉದ್ದದಲ್ಲಿ 18 ಮಿ.ಮೀ. ಕಡಿಮೆ, ಅಂದರೆ ಪುಟಕ್ಕೆ ಎರಡು ಮೂರು ಸಾಲು ಖೋತಾ. ಫೈಲಿನಲ್ಲಿ ಹಲವು ಸೆಕ್ಷನ್ ಇದ್ದರೆ ಒಂದು ಎ4, ಇನ್ನೊಂದು ಲೆಟರ್ ಇರಲೂಬಹುದು. ಬೇರೆ ಬೇರೆ ಫೈಲಿನಿಂದ ಅಂಟಿಸಿದಾಗ ಹೀಗಾಗುತ್ತದೆ. ಎಲ್ಲ ಸೆಕ್ಷನ್ ತಪಾಸಿಸಿ.

ಆಮೇಲೆ ಫಾಂಟ್. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರವಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್ ಆದರೂ ಒಂದು ಕಡೆ ತುಂಗಾ, ಇನ್ನೊಂದು ಕಡೆ ನಿರ್ಮಲಾ ಅಂತಾದರೆ ಸಾಲಿನ ಎತ್ತರ ಬೇರೆಯಾಗಿ ಪುಟದ ಲೆಕ್ಕ ತಪ್ಪುತ್ತದೆ. ಕನ್ನಡಕ್ಕೆ ಒತ್ತಕ್ಷರ ಇರುವುದರಿಂದ ಸಾಲು ಕೆಳಗೂ ಜಾಗ ಕೇಳುತ್ತದೆ. ಪುಟ ಕಡಿಮೆ ಮಾಡಲು ಸಾಲಿನ ಅಂತರವನ್ನು ಎಕ್ಸಾಕ್ಟ್ಲಿ ಮಾಡಿದರೆ ಒತ್ತುಗಳ ಬುಡ ಕತ್ತರಿಸಿಹೋಗುತ್ತದೆ. ಫೈಲ್, ಆಪ್ಷನ್ಸ್, ಸೇವ್‌ನಲ್ಲಿ ಎಂಬೆಡ್ ಫಾಂಟ್ಸ್ ಇನ್ ದ ಫೈಲ್ ಟಿಕ್ ಹಾಕಿಡಿ. ಇಷ್ಟೆಲ್ಲ ಯಾಕೆ ಅನ್ನುವವರು ಮನೆಯಲ್ಲೇ ಪಿಡಿಎಫ್ ಮಾಡಿ ತನ್ನಿ. ಪಿಡಿಎಫ್ ತಂದವರಿಗೆ ನನ್ನ ಅಂಗಡಿಯಲ್ಲಿ ಕ್ಯೂ ಇಲ್ಲ.

ಲಿಬ್ರೆ ಆಫೀಸ್ ರೈಟರ್ ಬಳಸುವವರಿಗೆ: ಅಲ್ಲಿ ಸೆಕ್ಷನ್ ಅನ್ನುವ ಪದ ಇದೆ, ಆದರೆ ಅದು ಬೇರೆ ವಸ್ತು. ವರ್ಡ್‌ನ ಸೆಕ್ಷನ್ ಕೆಲಸವನ್ನು ಅಲ್ಲಿ ಪೇಜ್ ಸ್ಟೈಲ್ ಮಾಡುತ್ತದೆ. ಇನ್ಸರ್ಟ್ ಮೆನುವಿನ ಮ್ಯಾನುಯಲ್ ಬ್ರೇಕ್‌ನಲ್ಲಿ ಪೇಜ್ ಬ್ರೇಕ್ ಜೊತೆಗೆ ಸ್ಟೈಲ್ ಆರಿಸಬೇಕು. ಅಡ್ಡ ಪುಟಕ್ಕೆ ಲ್ಯಾಂಡ್‌ಸ್ಕೇಪ್ ಅಂತ ಸ್ಟೈಲ್ ಸಿದ್ಧವಾಗಿಯೇ ಇದೆ. ಸಂಖ್ಯೆ ಮತ್ತೆ 1 ಮಾಡುವುದೂ ಅಲ್ಲೇ. ರೈಟರ್‌ನಲ್ಲಿ ಬೆಸಸಂಖ್ಯೆ ಯಾವಾಗಲೂ ಬಲಪುಟಕ್ಕೇ ಬರುತ್ತದೆ, ಆದ್ದರಿಂದ ಇಲ್ಲೂ ಖಾಲಿ ಹಾಳೆ ನುಸುಳಬಹುದು. ಆಪ್ಷನ್ಸ್‌ನ ಪ್ರಿಂಟ್ ಭಾಗದಲ್ಲಿ ತಾನಾಗಿ ಸೇರಿದ ಖಾಲಿ ಪುಟ ಮುದ್ರಿಸುವ ಟಿಕ್ ತೆಗೆಯಿರಿ.

ಗೂಗಲ್ ಡಾಕ್ಸ್‌ನಲ್ಲಿ ಬ್ರೇಕ್ ಹಾಕಿದರೂ ಕಾಣದಿದ್ದರೆ ಪೇಜ್ ಸೆಟಪ್‌ನಲ್ಲಿ ಪೇಜ್‌ಲೆಸ್ ಆಗಿದೆಯೇ ನೋಡಿ. ಪೇಜಸ್ ಮಾಡಿದರೆ ಪುಟ, ಹೆಡರ್, ಸಂಖ್ಯೆ ಎಲ್ಲ ಮರಳಿ ಬರುತ್ತವೆ.

ಇಲ್ಲಿಗೆ ಕೈ ಬಿಡಿ

ಫೈಲು ತೆರೆಯುವಾಗಲೇ ವರ್ಡ್ ಮುಚ್ಚಿಕೊಳ್ಳುತ್ತಿದ್ದರೆ, ಅಳಿಸಿದ ಬ್ರೇಕ್ ಮತ್ತೆ ಮತ್ತೆ ಬರುತ್ತಿದ್ದರೆ, ಪುಟಗಳ ಒಟ್ಟು ಲೆಕ್ಕ ಸುಮ್ನೆ ಕೂತಾಗಲೂ ಏರಿಳಿಯುತ್ತಿದ್ದರೆ ಫೈಲೇ ಹಾಳಾಗಿರಬಹುದು. ಎರಡೇ ಪ್ರಯತ್ನ ಮಾಡಿ. ಓಪನ್ ಗುಂಡಿಯ ಪಕ್ಕದ ಬಾಣದಲ್ಲಿ ಓಪನ್ ಆಂಡ್ ರಿಪೇರ್ ಇದೆ, ಅದು ಒಂದು. ಇನ್ನೊಂದು, ಕಟ್ಟಕಡೆಯ ಪಿ ಗುರುತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಾಪಿ ಮಾಡಿ ಹೊಸ ಫೈಲಿಗೆ ಅಂಟಿಸುವುದು. ಅಷ್ಟಕ್ಕೂ ಆಗದಿದ್ದರೆ ಗೊತ್ತಿರುವವರ ಹತ್ತಿರ ಹೋಗಿ. ಅಂಕಪಟ್ಟಿ, ಆಧಾರ್ ಸಂಖ್ಯೆ ಇರುವ ಫೈಲನ್ನು ಉಚಿತವಾಗಿ ರಿಪೇರಿ ಮಾಡುತ್ತೇವೆ ಅನ್ನುವ ಯಾವುದೋ ತಾಣಕ್ಕೆ ಏರಿಸಬೇಡಿ. ಕರಾರು ಪತ್ರ, ಅಫಿಡವಿಟ್ ಆದರೆ ಪುಟ ಸರಿಮಾಡುವ ಮುಂಚೆ ವಕೀಲರಿಗೆ ಒಂದು ಮಾತು ಹೇಳಿ.

ಹೋಗುವಾಗ ಜೊತೆಗೆ ಮೂರು ವಸ್ತು ಇರಲಿ: ಕೈಯಾಡಿಸದ ಮೂಲ ಫೈಲು, ಕೈಯಾಡಿಸಿದ ಎರಡನೇ ಪ್ರತಿ, ಮತ್ತು ಒಂದು ಚೀಟಿ. ಚೀಟಿಯಲ್ಲಿ ಎಷ್ಟು ಸೆಕ್ಷನ್ ಇವೆ, ಎಷ್ಟನೆಯದರಲ್ಲಿ ತೊಂದರೆ, ಕೊನೆಯದಾಗಿ ಏನು ಅಳಿಸಿದಿರಿ ಅಂತ ಬರೆದಿರಿ. ಆ ಚೀಟಿ ಇದ್ದರೆ ನಾನು ಬೈಯುವುದು ಅರ್ಧ ಕಡಿಮೆ.